ಚೇಳೂರಿನ ಹಲಸು, ಹಳೇ ಹೊನ್ನೆ ತೊಲೆ: ಒಂದು ಊಟದ ಮೇಜಿನ ಪ್ರಕರಣ ಅಧ್ಯಯನ

ಗುಬ್ಬಿ ತಾಲ್ಲೂಕಿನ ಚೇಳೂರು ಸೀಮೆಯ ಒಂದು ತೋಟದ ಮನೆ. ಮನೆಯಲ್ಲಿ ಎಂಟು ಜನ. ಅಜ್ಜಿಗೆ ಮಂಡಿನೋವು, ಮಣೆ ಮೇಲೆ ಕೂತರೆ ಏಳೋದು ಕಷ್ಟ. ಅದಕ್ಕೇ ಹಿಂದೊಮ್ಮೆ ಅಂಗಡಿಯಿಂದ ಒಂದು ಊಟದ ಮೇಜು ತಂದಿದ್ದರು. ಎರಡನೇ ಬೇಸಿಗೆಗೆ ಅದರ ಮೇಲ್ಹಲಗೆ ಉದ್ದಕ್ಕೂ ಸೀಳಿತು. ಅದೇ ವರ್ಷ ಮೇ ತಿಂಗಳ ಗಾಳಿಮಳೆಗೆ ಬದುವಿನ ಮೇಲಿದ್ದ ಹಳೇ ಹಲಸಿನ ಮರ ಬುಡಸಮೇತ ಉರುಳಿತು. ಮನೆ ಯಜಮಾನರು ತುಮಕೂರಿನ ನಮ್ಮ ಮರಗೆಲಸದ ಶೆಡ್ಡಿಗೆ ಬಂದು ಕೇಳಿದ್ದು ಇಷ್ಟೇ: ಈ ಮರದಲ್ಲಿ ಮೇಜು ಆಗುತ್ತಾ? ಮೊಳೆ ಇಲ್ಲದೆ, ಮರದೊಳಗೆ ಮರ ಕೂರಿಸಿ ಸೇರಿಸುವ ಹಳೇ ಕಾಲದ ಕಚ್ಚು ಹಾಕಿ, ಮೊಮ್ಮಕ್ಕಳ ಕಾಲಕ್ಕೂ ಉಳಿಯೋ ಹಾಗೆ?

ಆಗುತ್ತೆ ಅಂದೆವು. ಆದರೆ ಮೇಜು ಜೋಡಿಸಿದ್ದು ಮರ ಬಿದ್ದ ವರ್ಷ ಅಲ್ಲ, ಮಾರನೇ ವರ್ಷವೂ ಅಲ್ಲ. ಅದರಾಚೆಯ ಫೆಬ್ರವರಿಯಲ್ಲಿ. ಅಷ್ಟು ದಿನ ಯಾಕೆ ಬೇಕಾಯಿತು, ಜೋಡಿಸುವಾಗ ಎಲ್ಲಿ ಬಿಗಿ ಮಾಡಿದೆವು, ಎಲ್ಲಿ ಬೇಕೆಂದೇ ಸಡಿಲ ಬಿಟ್ಟೆವು ಅನ್ನೋದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಗಟ್ಟಿ ಮರದ ಮೇಜಿನ ಆಯಸ್ಸು ಆ ಸಡಿಲದ ಜಾಗಗಳಲ್ಲೇ ಇದೆ ಎಂದು ನಾನು ನಂಬಿದ್ದೇನೆ. ಕಚ್ಚು ಬಿಗಿಯಾಗಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ಈ ಇನ್ನೊಂದು ಮಾತನ್ನು ಹೇಳುವವರು ಕಡಿಮೆ.

ಹಳೇ ಮೇಜು ಯಾಕೆ ಸೀಳಿತು

ಮೊದಲು ಆ ಸೀಳಿದ ಮೇಜನ್ನೇ ಬೋರಲು ಹಾಕಿ ನೋಡಿದೆವು. ಮರ ಕೆಟ್ಟದ್ದೇನಲ್ಲ, ಮಾವು. ಕಾಲುಗಳೂ ಗಟ್ಟಿಯಾಗಿದ್ದವು. ಆದರೆ ಮೇಲ್ಹಲಗೆಯನ್ನು ನಾಲ್ಕೂ ಕಡೆ, ಕಾಲಿನಿಂದ ಕಾಲಿಗೆ ಹೋಗುವ ಅಡ್ಡಪಟ್ಟಿಗಳ ಮೂಲಕ ಸ್ಕ್ರೂ ಹೊಡೆದು ಭದ್ರ ಮಾಡಿದ್ದರು. ಜೊತೆಗೆ ಅಂಟು. ಹಲಗೆಗೆ ಅಲುಗಾಡಲು ಒಂದು ಕೂದಲೆಳೆಯಷ್ಟೂ ಜಾಗ ಇರಲಿಲ್ಲ.

ಮರ ಕಡಿದು ಎಷ್ಟು ವರ್ಷವಾದರೂ ಗಾಳಿಯಲ್ಲಿನ ತೇವ ಕುಡಿಯುತ್ತದೆ, ಬಿಡುತ್ತದೆ. ಸುತ್ತಲಿನ ಗಾಳಿಯ ತೇವಾಂಶ ಶೇ 40ರ ಆಸುಪಾಸಿನಲ್ಲಿ ಬಹಳ ದಿನ ನಿಂತರೆ ಮರದೊಳಗಿನ ತೇವ ಶೇ 8ರ ಹತ್ತಿರಕ್ಕೆ ಇಳಿಯುತ್ತದೆ. ಗಾಳಿಯಲ್ಲಿ ಶೇ 80 ಇದ್ದರೆ ಮರದಲ್ಲಿ ಶೇ 16ರ ಹತ್ತಿರ. ತುಮಕೂರು ಜಿಲ್ಲೆಯಲ್ಲಿ ಫೆಬ್ರವರಿ, ಮಾರ್ಚ್ ಬಂತೆಂದರೆ ತುಟಿ ಒಡೆಯುವಷ್ಟು ಒಣ ಹವೆ. ಮಳೆ ಜಾಸ್ತಿ ಬೀಳೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಈ ಎರಡು ತುದಿಗಳ ನಡುವೆ ಮನೆಯೊಳಗಿನ ಮರ ಪ್ರತಿ ವರ್ಷ ಹಿಗ್ಗಿ ಕುಗ್ಗುತ್ತದೆ.

ಹಿಗ್ಗೋದು ಎಲ್ಲ ಕಡೆಗೂ ಒಂದೇ ಸಮ ಅಲ್ಲ. ಎಳೆಯ ಉದ್ದಕ್ಕೆ ಮರ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಏಳಡಿ ಹಲಗೆಯಲ್ಲಿ ವರ್ಷಕ್ಕೆ ಒಂದು ಮಿಲಿಮೀಟರೂ ಆಗದು. ಎಳೆಗೆ ಅಡ್ಡಲಾಗಿ ಮಾತ್ರ ಮೂರಡಿ ಅಗಲದ ಹಲಗೆ ಕಾಲು ಇಂಚಿನಿಂದ ಅರ್ಧ ಇಂಚಿನವರೆಗೆ ಬದಲಾಗಬಹುದು. ಅದರಲ್ಲೂ ಮರದ ವರ್ಷದ ಉಂಗುರಗಳ ಗುಂಟ ಆಗುವ ಬದಲಾವಣೆ, ತಿರುಳಿನಿಂದ ತೊಗಟೆ ಕಡೆಗೆ ಆಗುವ ಬದಲಾವಣೆಗಿಂತ ಸುಮಾರು ಎರಡು ಪಟ್ಟು. ಈಗ ಅಗಲಕ್ಕೆ ಕುಗ್ಗಲು ಹೊರಟ ಹಲಗೆಯನ್ನು, ಉದ್ದಕ್ಕೆ ಕುಗ್ಗದ ಅಡ್ಡಪಟ್ಟಿಗೆ ಎರಡೂ ತುದಿಯಲ್ಲಿ ಸ್ಕ್ರೂ ಹೊಡೆದು ಹಿಡಿದರೆ ಏನಾಗಬೇಕು? ಸ್ಕ್ರೂ ಬಿಡಲ್ಲ, ಪಟ್ಟಿ ಬಿಡಲ್ಲ, ಹಲಗೆಯೇ ಸೀಳಬೇಕು. ಅದೇ ಆಗಿತ್ತು.

ನಮ್ಮ ಶೆಡ್ಡಿನ ಹಿರಿಯ ಆಚಾರ್ರು ಸೀಳಿನೊಳಗೆ ಉಗುರು ಹಾಕಿ ನೋಡಿ ಯಜಮಾನರಿಗೆ ಹೇಳಿದರು: "ಅಣ್ಣಾ, ನಿಮ್ಮನೆ ಹಳೇ ಬಾಗಿಲು ನೋಡಿ. ಚೌಕಟ್ಟಿನಲ್ಲಿ ಉದ್ದಕ್ಕೆ ಕೊರೆದ ಸಂದು, ಅಂದ್ರೆ ಗಾಡಿ, ಅದರೊಳಗೆ ಹಲಗೆ ಸುಮ್ನೆ ಕೂತಿರುತ್ತೆ. ಅದಕ್ಕೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ನಿಮ್ಮ ತಾತನ ಕಾಲದಿಂದ ಸೀಳಿದೆಯಾ?" ಸೀಳಿರಲಿಲ್ಲ.

ಮರದ ಲೆಕ್ಕ

ಚೇಳೂರು ಹಲಸಿನ ಸೀಮೆ. ಅಲ್ಲಿನ ತಾಮ್ರಗೆಂಪು ತೊಳೆಯ ಸಿದ್ದು ಹಲಸನ್ನು ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಗುರುತಿಸಿದ ಮೇಲೆ ಊರಿನ ಹೆಸರು ದೂರ ದೂರ ಹೋಯಿತು. ಹಣ್ಣಿಗೆ ಸಿಕ್ಕ ಈ ಮರ್ಯಾದೆ ಮರಕ್ಕೂ ಸಿಗಬೇಕು ಅನ್ನೋದು ನನ್ನ ಆಸೆ. ಬಿದ್ದ ಹಲಸನ್ನು ಸೌದೆಗೆ ಕೊಟ್ಟುಬಿಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ತಂಜಾವೂರು ವೀಣೆಗೆ, ಮೃದಂಗದ ಒಡಲಿಗೆ ಆರಿಸುವ ಮರ ಇದು. ಇದರ ಚೇಗಿಗೆ, ಅಂದರೆ ಒಳಗಿನ ಗಟ್ಟಿ ಮರಕ್ಕೆ, ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಕೊಯ್ದಾಗ ಅರಿಶಿನದ ಬಣ್ಣ, ಬೆಳಕು ತಾಗಿದಂತೆ ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ.

ಮರ ಸಾಗಿಸುವ ಮುಂಚೆ ಯಜಮಾನರು ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ ಬಂದರು. 1976ರ ಮರ ಸಂರಕ್ಷಣೆಯ ಕಾಯ್ದೆ ಇರುವುದರಿಂದ, ಸ್ವಂತ ಜಮೀನಿನ ಮರವಾದರೂ ಹೀಗೆ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ದಿಮ್ಮಿ ಎಂಟಡಿ ಉದ್ದ, ನಡುವಿನ ಸುತ್ತಳತೆ ಆರಡಿ. ಸುತ್ತಳತೆಯ ಕಾಲು ಭಾಗ ಒಂದೂವರೆ ಅಡಿ. ಅದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿದರೆ 18 ಸಿಎಫ್‌ಟಿ, ಅಂದರೆ ಘನ ಅಡಿ. ವ್ಯಾಪಾರದ ಅಳತೆ ಇದು. ಕೈಗೆ ಸಿಗುವ ಹಲಗೆ ಅಷ್ಟಿರುವುದಿಲ್ಲ. ಹೊರಗಿನ ಬಿಳಿಮರವನ್ನು ತೆಗೆಯಲೇಬೇಕು, ಏಕೆಂದರೆ ಹುಳ ಬೀಳುವುದು ಅಲ್ಲೇ. ತಿರುಳು ಬಂದ ನಡುವಿನ ಹಲಗೆ ಒಣಗುವಾಗ ಸೀಳಿಯೇ ಸೀಳುತ್ತದೆ, ಅದೂ ಲೆಕ್ಕದಿಂದ ಹೊರಗೆ. ನಮಗೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಕ್ಕಿತು. ಏಳಡಿ ಉದ್ದ, ಮೂರಡಿ ಅಗಲದ ಮೇಜಿಗೆ ಧಾರಾಳವಾಗಿ ಸಾಕು.

ಸಾಮಿಲ್‌ನಲ್ಲಿ ಒಂದೂವರೆ ಇಂಚು ದಪ್ಪಕ್ಕೆ ಕೊಯ್ಯಿಸಿದೆವು. ಕೀಸಿದ ಮೇಲೆ ಒಂದೂಕಾಲು ಇಂಚು ಉಳಿಯಲಿ ಅಂತ. ನೆರಳಿರುವ, ಗಾಳಿ ಆಡುವ ಶೆಡ್ಡಿನಲ್ಲಿ ನೆಲದಿಂದ ಒಂದಡಿ ಎತ್ತರಕ್ಕೆ ಇಟ್ಟಿಗೆ ಇಟ್ಟು, ಹಲಗೆ ಮೇಲೆ ಹಲಗೆ ಪೇರಿಸಿದೆವು. ಪ್ರತಿ ಎರಡು ಹಲಗೆಯ ನಡುವೆ, ಒಂದೂವರೆ ಅಡಿಗೊಂದರಂತೆ, ಒಂದೇ ದಪ್ಪದ ಒಣ ಪಟ್ಟಿಗಳು. ಮೇಲಿನ ಪಟ್ಟಿಯ ನೇರಕ್ಕೇ ಕೆಳಗಿನ ಪಟ್ಟಿ ಬರಬೇಕು. ಆಚೀಚೆ ಆದರೆ ಆ ಜಾಗದಲ್ಲಿ ಹಲಗೆ ಬಾಗಿಯೇ ಒಣಗುತ್ತದೆ, ಮತ್ತೆ ನೆಟ್ಟಗಾಗುವುದಿಲ್ಲ. ಕೊಯ್ದ ತುದಿಗಳಿಂದ ತೇವ ಬಹಳ ಬೇಗ ಹೊರಟುಹೋಗಿ ಬಿರುಕು ಬಿಡುತ್ತದೆ, ಅದಕ್ಕೆ ತುದಿಗಳಿಗೆ ಉಳಿದ ಪೇಂಟ್ ಬಳಿದೆವು.

ಒಂದಿಂಚು ದಪ್ಪಕ್ಕೆ ಒಂದು ವರ್ಷ ಅನ್ನೋದು ಹಿಂದಿನಿಂದ ಬಂದ ಲೆಕ್ಕ. ಅದನ್ನು ಕಣ್ಣು ಮುಚ್ಚಿ ನಂಬಬೇಕಿಲ್ಲ, ತೂಕ ಹಾಕಿ ನೋಡಬಹುದು. ಹಲಗೆಯ ನಡುವಿನಿಂದ ಕೊಯ್ದ ಒಂದು ತುಂಡನ್ನು ತೂಗಿ, ಓವನ್ನಿನಲ್ಲಿ 103 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ, ಮತ್ತೆ ತೂಗಬೇಕು. ಮೊದಲು 118 ಗ್ರಾಂ ಇದ್ದದ್ದು 105ಕ್ಕೆ ಬಂದರೆ, ಹೋದ ನೀರು 13 ಗ್ರಾಂ. 13ನ್ನು 105ರಿಂದ ಭಾಗಿಸಿದರೆ ತೇವ ಶೇ 12ರ ಸ್ವಲ್ಪ ಮೇಲೆ. ಓವನ್ ಇಲ್ಲದಿದ್ದರೂ ದಾರಿ ಇದೆ. ಒಂದು ಹಲಗೆಯ ಮೇಲೆ ಗುರುತು ಹಾಕಿ, ತಿಂಗಳಿಗೊಮ್ಮೆ ತಕ್ಕಡಿಗೆ ಏರಿಸಿ, ತೂಕವನ್ನು ಅದರ ಮೇಲೇ ಬರೆಯುತ್ತಾ ಹೋಗಿ. ಅಂಕಿ ಇಳಿಯುವುದು ನಿಂತಾಗ ಮರ ಹದಕ್ಕೆ ಬಂದಿದೆ.

ಕಾಲಿಗೆ ಮರ ಎಲ್ಲಿಂದ?

ಇಲ್ಲಿ ಕೆಲಸ ಸಿಕ್ಕಿಹಾಕಿಕೊಂಡಿತು. ಮೇಜಿನ ಕಾಲು ಮೂರಿಂಚು ಚೌಕ. ಹಲಸಿನ ದಿಮ್ಮಿಯಿಂದಲೇ ಕೊಯ್ದರೆ ಅಷ್ಟು ದಪ್ಪ ಒಳಗಿನವರೆಗೆ ಒಣಗಲು ಮೂರು ವರ್ಷಕ್ಕೂ ಹೆಚ್ಚು ಬೇಕು. ಅಷ್ಟು ಕಾಯಲು ಯಜಮಾನರಿಗೆ ಮನಸ್ಸಿರಲಿಲ್ಲ. ತೆಳು ಹಲಗೆ ಅಂಟಿಸಿ ಕಾಲು ಮಾಡಬಹುದಿತ್ತು, ಆಚಾರ್ರು ಅದಕ್ಕೆ ಒಪ್ಪಲಿಲ್ಲ.

ಉತ್ತರ ಸಿಕ್ಕಿದ್ದು ಯಜಮಾನರ ಹಟ್ಟಿಯ ಹಿಂದೆ. ಹಳೇ ದನದ ಕೊಟ್ಟಿಗೆ ಬಿಚ್ಚಿದಾಗ ಇಳಿಸಿದ ಎರಡು ಹೊನ್ನೆ ತೊಲೆಗಳು ಗೋಡೆಗೆ ಒರಗಿ ನಿಂತಿದ್ದವು. ಮೇಲೆ ಹೊಗೆಮಸಿ, ಧೂಳು. ಬಾಚಿಯಿಂದ ಒಂದು ಏಟು ಹಾಕಿದ ಕೂಡಲೇ ಒಳಗಿನ ಕೆಂಗಂದು ಬಣ್ಣ ಕಾಣಿಸಿತು. ಹತ್ತಾರು ವರ್ಷ ಸೂರಿನ ಕೆಳಗಿದ್ದ ಮರ, ಇದಕ್ಕಿಂತ ಹದವಾದ ಮರ ಯಾವ ಡಿಪೋದಲ್ಲೂ ಸಿಗದು. ಕೊಯ್ಯುವ ಮುಂಚೆ ಆಯಸ್ಕಾಂತ ಹಿಡಿದು ಇಂಚಿಂಚೂ ತಡಕಾಡಿದೆವು. ಹಳೇ ತೊಲೆಯೊಳಗೆ ಮುರಿದ ಮೊಳೆ ಇದ್ದೇ ಇರುತ್ತದೆ, ಗರಗಸದ ಹಲ್ಲಿಗೆ ಸಿಕ್ಕಿದರೆ ಅಪಾಯ. ನಾಲ್ಕು ಮೊಳೆ ಸಿಕ್ಕವು.

ಹೊನ್ನೆಯ ಒಂದು ಗುಣ ನೆನಪಿಡಬೇಕು. ಹೊನ್ನೆ ಲೋಟದಲ್ಲಿ ರಾತ್ರಿ ನೀರಿಟ್ಟರೆ ಬೆಳಗ್ಗೆ ಬಣ್ಣ ಬಿಟ್ಟಿರುವುದನ್ನು ಬಹಳ ಜನ ನೋಡಿರುತ್ತೀರಿ. ಮೇಜಿನ ಕಾಲೂ ಅದೇ ಮರ. ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುವ ನೆಲದ ಮೇಲೆ ಅದು ನಿಂತರೆ ಕಾಲಿನ ಬುಡ ನೀರು ಹೀರಿ ಟೈಲ್ಸ್ ಮೇಲೆ ಕಲೆ ಬಿಡುತ್ತದೆ. ಅದಕ್ಕೆ ಕಾಲಿನ ಅಡಿಯನ್ನು ಎಣ್ಣೆಯಲ್ಲಿ ಅದ್ದಿಟ್ಟು, ಒಣಗಿದ ಮೇಲೆ ಜೇನುಮೇಣ ತಿಕ್ಕಿದೆವು.

ಕಚ್ಚು

ಮೇಜಿನ ಎತ್ತರವನ್ನು ಅವರ ಮನೆಯ ಕುರ್ಚಿ ನೋಡಿ ಗೊತ್ತು ಮಾಡಿದೆವು. ಕುರ್ಚಿಯ ಕೂರುವ ಮಟ್ಟ 17 ಇಂಚು, ಮೇಜು 29 ಇಂಚು. ಮೇಲ್ಹಲಗೆ ಒಂದೂಕಾಲು, ಅದರಡಿಯ ಅಡ್ಡಪಟ್ಟಿ ನಾಲ್ಕು ಇಂಚು. ಇವನ್ನು ಕಳೆದರೆ ಅಜ್ಜಿಯ ತೊಡೆಗೆ ಕುರ್ಚಿಯಿಂದ ಮೇಲೆ ಆರೂಮುಕ್ಕಾಲು ಇಂಚು ಜಾಗ. ಪಟ್ಟಿ ಇನ್ನೂ ಅಗಲ ಇದ್ದರೆ ಕಚ್ಚು ಗಟ್ಟಿ, ಆದರೆ ಕೂತವರಿಗೆ ಹಿಂಸೆ. ಒಬ್ಬರಿಗೆ ಎರಡಡಿ ಅಂತ ಹಿಡಿದರೆ ಏಳಡಿ ಮೇಜಿಗೆ ಉದ್ದದ ಬದಿಯಲ್ಲಿ ಮೂರು ಮೂರು ಜನ, ತುದಿಗಳಲ್ಲಿ ಒಬ್ಬೊಬ್ಬರು. ಎಂಟು ಜನಕ್ಕೆ ಸರಿಯಾಯಿತು.

ಅಡ್ಡಪಟ್ಟಿ ಕಾಲಿಗೆ ಸೇರುವ ಜಾಗ ಮೇಜಿನ ಪ್ರಾಣ. ಯಾರೋ ಮೇಜನ್ನು ಎಳೆದಾಗ, ಮಕ್ಕಳು ಒರಗಿದಾಗ, ಎಲ್ಲ ಭಾರವೂ ಬೀಳೋದು ಆ ನಾಲ್ಕು ಮೂಲೆಗಳ ಮೇಲೆ. ಪಟ್ಟಿಯ ತುದಿಯಲ್ಲಿ ಅರ್ಧ ಇಂಚು ದಪ್ಪ, ಮೂರಿಂಚು ಅಗಲ, ಎರಡಿಂಚು ಉದ್ದದ ನಾಲಿಗೆ ಬಿಡಿಸಿದೆವು. ಕಾಲಿನಲ್ಲಿ ಅದೇ ಅಳತೆಯ ತೂತು. ಕಾಲಿನ ಎರಡು ಪಕ್ಕದಿಂದ ಬರುವ ನಾಲಿಗೆಗಳು ಒಳಗೆ ಒಂದನ್ನೊಂದು ಮುಟ್ಟುತ್ತವೆ, ಹಾಗಾಗಿ ಎರಡರ ತುದಿಯನ್ನೂ ಓರೆಯಾಗಿ ಕತ್ತರಿಸಬೇಕು. ತೂತು ಕೊರೆಯುವಾಗ ಕಾಲಿನ ಮೇಲ್ತುದಿಯನ್ನು ಬೇಕಾದ್ದಕ್ಕಿಂತ ಒಂದಿಂಚು ಉದ್ದ ಬಿಟ್ಟಿದ್ದೆವು. ಉಳಿಯ ಏಟಿಗೆ ತುದಿ ಸೀಳದಿರಲಿ ಅಂತ. ಕೂಡಿಸಿದ ಮೇಲೆ ಆ ಇಂಚನ್ನು ಕೊಯ್ದುಹಾಕಿದರಾಯಿತು.

ಆಚಾರ್ರ ಕೈ ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯದು. ಗೆರೆ ಎಳೆಯಲು ಪೆನ್ಸಿಲ್ ಅಲ್ಲ, ಚೂಪು ಚಾಕು. ಚಾಕುವಿನ ಗೆರೆಯೊಳಗೆ ಉಳಿಯ ಬಾಯಿ ತಾನೇ ಹೋಗಿ ಕೂರುತ್ತದೆ, ಆಚೀಚೆ ಜಾರುವುದಿಲ್ಲ. ಮೊದಲು ಗೆರೆಯಿಂದ ಸ್ವಲ್ಪ ಒಳಗೇ ಕೊರೆದು, ತಳದವರೆಗೆ ಹೋದ ಮೇಲೆ ಕೊನೆಗೆ ಗೆರೆಗೆ ಸರಿಯಾಗಿ ಉಳಿಯನ್ನು ನೆಟ್ಟಗೆ ಹಿಡಿದು ಕೈಯಲ್ಲೇ ಒತ್ತಿ ಕೆರೆಯುತ್ತಿದ್ದರು. ಹೊನ್ನೆ ಗಟ್ಟಿ ಮರ. ಎರಡು ತೂತಿಗೊಮ್ಮೆ ಉಳಿ ಮಸೆಯುತ್ತಿದ್ದರು. ನಾಲಿಗೆ ಸರಿಯಾಗಿದೆಯಾ ಅಂತ ತಿಳಿಯೋದು ಹೇಗೆ ಅಂದರೆ, ಕೈಯಲ್ಲಿ ಒತ್ತಿದಾಗ ಮುಕ್ಕಾಲು ಭಾಗ ಹೋಗಬೇಕು, ಉಳಿದದ್ದು ಕೊಡತಿಯ ನಾಲ್ಕೈದು ಏಟಿಗೆ. ಪೂರ್ತಿ ಕೈಯಲ್ಲೇ ಹೋದರೆ ಸಡಿಲ. ಶುರುವಿನಿಂದಲೇ ಏಟು ಬೇಕಾದರೆ ಕಾಲು ಸೀಳುವ ಅಪಾಯ.

ಕಚ್ಚಿಗೆ ಅಂಟು ಹಾಕಲಿಲ್ಲ. ಅದರ ಬದಲು ಗೂಟ. ಕಾಲಿನಲ್ಲಿ 10 ಮಿಲಿಮೀಟರ್ ತೂತು ಕೊರೆದು, ನಾಲಿಗೆಯನ್ನು ಒಳಗೆ ಕೂರಿಸಿ ಅದರ ಮೇಲೆ ತೂತಿನ ಗುರುತು ಮಾಡಿ, ಹೊರಗೆ ತೆಗೆದು, ಗುರುತಿನಿಂದ ಒಂದೂವರೆ ಮಿಲಿಮೀಟರ್ ಪಟ್ಟಿಯ ಭುಜದ (ನಾಲಿಗೆಯ ಬುಡದಲ್ಲಿ ಕಾಲಿಗೆ ಒತ್ತಿ ಕೂರುವ ಅಂಚಿನ) ಕಡೆಗೆ ಸರಿಸಿ ನಾಲಿಗೆಯ ತೂತು ಕೊರೆದೆವು. ಮತ್ತೆ ಕೂರಿಸಿದಾಗ ಎರಡು ತೂತುಗಳು ನೇರಕ್ಕೆ ಬರುವುದಿಲ್ಲ. ಗೂಟ ಒಳಗೆ ಹೋಗುತ್ತಾ ನಾಲಿಗೆಯನ್ನು ಎಳೆದು ಭುಜವನ್ನು ಕಾಲಿಗೆ ಕಚ್ಚಿಸುತ್ತದೆ. ಎಳೆದದ್ದು ಮತ್ತೆ ಬಿಡುವುದಿಲ್ಲ. ಗೂಟಕ್ಕೆ ಒಣಗಿದ ಕರಿಜಾಲಿ. ಎತ್ತಿನ ಗಾಡಿಯ ಚಕ್ರಕ್ಕೆ, ನೇಗಿಲಿಗೆ ಬಳಸುತ್ತಿದ್ದ ಮರ ಅಲ್ವಾ, ಅದರ ಗಟ್ಟಿತನದ ಬಗ್ಗೆ ಹೇಳಬೇಕಿಲ್ಲ. ಗೂಟಗಳನ್ನು ಗರಗಸದಲ್ಲಿ ಕೊಯ್ಯದೆ ಮಚ್ಚಿನಿಂದ ಸೀಳಿ ತೆಗೆದೆವು. ಸೀಳಿದಾಗ ಎಳೆ ತುದಿಯಿಂದ ತುದಿಗೆ ಮುರಿಯದೆ ಬರುತ್ತದೆ. ಕೊಯ್ದ ಗೂಟದಲ್ಲಿ ಎಳೆ ಓರೆಯಾಗಿ ತುಂಡಾಗಿದ್ದರೆ ಸರಿಸಿದ ತೂತಿನಲ್ಲಿ ಬಾಗುವಾಗ ಅಲ್ಲೇ ಮುರಿಯುತ್ತದೆ.

ಮೇಲ್ಹಲಗೆ

ಐದು ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿ ಮೂರಡಿ ಮಾಡಿದೆವು. ಇಲ್ಲಿ ಅಂಟು ಸರಿ. ಎಳೆಗೆ ಎಳೆ ಸಮಾನವಾಗಿ ಸೇರುವ ಜಾಗದಲ್ಲಿ ಎಲ್ಲ ಹಲಗೆಗಳೂ ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತವೆ, ಅಂಟಿನ ಗೆರೆಗೆ ಯಾವ ಎಳೆತವೂ ಬೀಳುವುದಿಲ್ಲ. ಹಲಸಿನ ಎಳೆ ಅಲ್ಲಲ್ಲಿ ದಿಕ್ಕು ಬದಲಿಸುತ್ತದೆ. ಒಂದು ಕಡೆಯಿಂದ ಕೀಸಿದರೆ ನುಣುಪು, ಅರ್ಧ ಅಡಿ ಮುಂದೆ ಎಳೆ ಕಿತ್ತು ಬರುತ್ತದೆ. ಕೀಸುಳಿಯ ಅಲಗನ್ನು ಹೊಸದಾಗಿ ಮಸೆದು, ತೀರಾ ತೆಳುವಾಗಿ ಕೀಸಿ, ಕೊನೆಗೆ ಕಿತ್ತ ಜಾಗಗಳನ್ನು ಒಡೆದ ಗಾಜಿನ ಚೂರಿನಿಂದ ಕೆರೆದರು. ಗಾಜಿನ ಅಂಚಿಗೆ ಹುಡಿ ಬರಲಿಲ್ಲ, ಈರುಳ್ಳಿ ಸಿಪ್ಪೆಯಂಥ ತೆಳು ಸುರುಳಿ ಬಂತು.

ಯಜಮಾನರಿಗೆ ಒಂದು ಆಸೆ ಇತ್ತು. ಮೇಲ್ಹಲಗೆಯ ಸುತ್ತ ನಾಲ್ಕೂ ಕಡೆ ಹೊನ್ನೆಯ ಪಟ್ಟಿ, ಮೂಲೆಯಲ್ಲಿ ಓರೆ ಕಚ್ಚು, ಫೋಟೋದ ಕಟ್ಟಿನ ಹಾಗೆ. ನೋಡಲು ಚೆಂದ, ಆದರೆ ನಾವು ಒಪ್ಪಲಿಲ್ಲ. ಒಳಗಿನ ಹಲಗೆ ಅಗಲಕ್ಕೆ ಹಿಗ್ಗಿದ ಕೂಡಲೇ ಆ ಓರೆ ಮೂಲೆಗಳು ಬಾಯಿ ಬಿಡುತ್ತವೆ. ಹಳೇ ಮೇಜಿನ ತಪ್ಪನ್ನೇ ಚೆಂದ ಮಾಡಿ ಮತ್ತೆ ಮಾಡಿದಂತೆ. "ಆಚಾರ್ರೇ, ನೀವು ಹೇಳಿದ ಹಾಗೇ ಆಗಲಿ" ಅಂತ ಕೊನೆಗೆ ಅವರೇ ಬಿಟ್ಟುಕೊಟ್ಟರು.

ಈಗ ಸಡಿಲದ ಮಾತು. ಅಡ್ಡಪಟ್ಟಿಗಳ ಒಳಮೈಯಲ್ಲಿ ಉದ್ದಕ್ಕೂ ಒಂದು ಗಾಡಿ ಕೊರೆದೆವು, ಹಳೇ ಬಾಗಿಲ ಚೌಕಟ್ಟಿನಲ್ಲಿರುವಂಥ ಸಂದು. ಹೆಬ್ಬೆರಳಷ್ಟು ದಪ್ಪದ ಮರದ ತುಂಡುಗಳು, ಪ್ರತಿಯೊಂದಕ್ಕೂ ಒಂದು ಕಡೆ ಚಿಕ್ಕ ನಾಲಿಗೆ. ನಾಲಿಗೆ ಗಾಡಿಯೊಳಗೆ ಕೂರುತ್ತದೆ, ತುಂಡನ್ನು ಸ್ಕ್ರೂವಿನಿಂದ ಮೇಲ್ಹಲಗೆಗೆ ಹಿಡಿಸುತ್ತೇವೆ. ಯಜಮಾನರು ಕೇಳಿದ್ದು ಮೊಳೆ ಇಲ್ಲದ ಕಚ್ಚು, ಅದು ಹಾಗೇ ಇದೆ. ಸ್ಕ್ರೂ ಇರುವುದು ಈ ತುಂಡುಗಳಲ್ಲಿ ಮತ್ತು ಮೇಜಿನ ಎರಡು ತುದಿಯ ಚಿಕ್ಕ ಪಟ್ಟಿಗಳ ನಡುವಿನಲ್ಲಿ ಮಾತ್ರ. ಹಲಗೆ ಮೇಲೇಳುವುದಿಲ್ಲ, ಆದರೆ ಅಡ್ಡಡ್ಡ ಜರುಗಬಹುದು. ಚಿಕ್ಕ ಪಟ್ಟಿಗಳಲ್ಲಿ ತುಂಡು ಗಾಡಿಯ ಗುಂಟ ಜಾರುತ್ತದೆ. ಉದ್ದದ ಪಟ್ಟಿಗಳಲ್ಲಿ ನಾಲಿಗೆ ಗಾಡಿಯ ಒಳಕ್ಕೂ ಹೊರಕ್ಕೂ ಸರಿಯುತ್ತದೆ. ಎರಡು ಚಿಕ್ಕ ಪಟ್ಟಿಗಳ ನಟ್ಟನಡುವೆ ಮಾತ್ರ ಒಂದೊಂದು ಗಟ್ಟಿ ಸ್ಕ್ರೂ, ಹಲಗೆ ಎರಡೂ ಬದಿಗೆ ಸಮನಾಗಿ ಹಿಗ್ಗಲಿ ಅಂತ.

ಎಷ್ಟು ಜಾಗ ಬಿಡಬೇಕು ಅನ್ನೋದು ಯಾವ ತಿಂಗಳಲ್ಲಿ ಜೋಡಿಸುತ್ತೀರಿ ಅನ್ನೋದರ ಮೇಲೆ ನಿಂತಿದೆ. ಈ ಇಡೀ ಕೆಲಸದಲ್ಲಿ ಹೆಚ್ಚು ಮರೆತುಹೋಗುವ ಸಂಗತಿ ಇದು. ನಾವು ಜೋಡಿಸಿದ್ದು ಫೆಬ್ರವರಿಯಲ್ಲಿ, ಹಲಗೆ ತೀರಾ ಕುಗ್ಗಿದ್ದಾಗ. ಮುಂದೆ ಅದು ಹಿಗ್ಗುವುದೇ. ಹಾಗಾಗಿ ಉದ್ದದ ಪಟ್ಟಿಗೂ ತುಂಡಿಗೂ ನಡುವೆ ಕಾಲು ಇಂಚು ಬಿಟ್ಟೆವು. ನಾಲಿಗೆಯ ತುದಿ ಗಾಡಿಯ ತಳಕ್ಕೂ ತಾಗಬಾರದು. ಅದೇ ಅಕ್ಟೋಬರ್‌ನಲ್ಲಿ ಜೋಡಿಸಿದ್ದರೆ ತುಂಡನ್ನು ಪಟ್ಟಿಗೆ ಒತ್ತಿಯೇ ಇಡಬೇಕಿತ್ತು, ಬೇಸಿಗೆಯಲ್ಲಿ ಒಳಕ್ಕೆ ಸರಿದಾಗ ಗಾಡಿಯಿಂದ ಕಳಚದಷ್ಟು ಉದ್ದದ ನಾಲಿಗೆಯೊಂದಿಗೆ.

ಎಣ್ಣೆ, ಮತ್ತು ಆಮೇಲೆ ಆದದ್ದು

ಬೇಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ, ಒಂದು ಕೈ ಒಣಗಿದ ಮೇಲೆ ಇನ್ನೊಂದು ಕೈ ಅಂತ ಹಚ್ಚಿದೆವು. ಮೇಲ್ಮೈಗೆ ಹಚ್ಚಿದಷ್ಟೇ ಅಡಿಮೈಗೂ. ಯಾರಿಗೂ ಕಾಣದ ಅಡಿಗೆ ಯಾಕೆ ಅಂತ ಬಿಟ್ಟರೆ ಒಂದು ಮುಖ ತೇವವನ್ನು ಬೇಗ ಕುಡಿದು ಹಲಗೆ ದೊಪ್ಪೆಯಂತೆ ಬಾಗುತ್ತದೆ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಳಗೇ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳುತ್ತದೆ. ನೀರಲ್ಲಿ ನೆನೆಸಿಡಿ, ಇಲ್ಲವೇ ಹೊರಗೆ ಬಿಡಿಸಿ ಹರವಿ.

ಎಣ್ಣೆ ಹಚ್ಚಿದ ಮೇಜಿಗೆ ಬಿಸಿ ಪಾತ್ರೆ, ಅರಿಶಿನದ ಕಲೆ ತಾಗುತ್ತವೆ. ಅದನ್ನು ಮನೆಯವರಿಗೆ ಮೊದಲೇ ಹೇಳಿದ್ದೆವು. ವಾರ್ನಿಷ್ ಕಲೆಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಒಮ್ಮೆ ಸುಲಿದರೆ ಪೂರ್ತಿ ತೆಗೆದು ಮತ್ತೆ ಮಾಡಬೇಕು. ಎಣ್ಣೆಯಾದರೆ ಮನೆಯವರೇ ಆ ಜಾಗಕ್ಕಷ್ಟೇ ಮರಳು ಕಾಗದ ಉಜ್ಜಿ ಸರಿಮಾಡಿಕೊಳ್ಳಬಹುದು. ದಿನಾ ಬಳಸುವ ಮೇಜಿಗೆ ನನ್ನ ಓಟು ಎಣ್ಣೆಗೇ. ಇನ್ನೊಂದು ಮಾತು ಅಜ್ಜಿಗೆ ಹೇಳಿ ಬಂದೆವು: ಮೊದಲ ಕೆಲವು ತಿಂಗಳು ಮೇಜಿನ ಮೇಲೆ ಪ್ಲಾಸ್ಟಿಕ್ ಹಾಸು ಬೇಡ. ಮುಚ್ಚಿದ ಜಾಗ ಹಳದಿಯಾಗೇ ಉಳಿದು, ಬೆಳಕು ಬಿದ್ದ ಜಾಗ ಕಂದಾಗಿ, ಚೌಕದ ಗುರುತು ಬೀಳುತ್ತದೆ.

ಆ ವರ್ಷದ ಅಕ್ಟೋಬರ್‌ನಲ್ಲಿ ಟೇಪು ಹಿಡಿದು ಹೋಗಿ ಅಳೆದೆವು. ಅಗಲ ಸುಮಾರು ಕಾಲು ಇಂಚು ಜಾಸ್ತಿಯಾಗಿತ್ತು. ಉದ್ದದಲ್ಲಿ ವ್ಯತ್ಯಾಸ ಇಲ್ಲ. ಕೆಳಗೆ ಬಗ್ಗಿ ನೋಡಿದರೆ ಉದ್ದದ ಪಟ್ಟಿಯ ಬಳಿ ಬಿಟ್ಟಿದ್ದ ಸಂದು ಅರ್ಧದಷ್ಟು ಮುಚ್ಚಿತ್ತು. ಮುಂದಿನ ಬೇಸಿಗೆಗೆ ಮತ್ತೆ ತೆರೆಯಿತು. ಹಲಗೆಯಲ್ಲಿ ಸೀಳಿಲ್ಲ, ಕಾಲುಗಳ ಕಚ್ಚಿನಲ್ಲಿ ಸಂದಿಲ್ಲ. ಒಂದು ಗೂಟದ ತಲೆ ಮಾತ್ರ ಕೂದಲಿನಷ್ಟು ಹೊರಗೆ ಬಂದಿತ್ತು, ಕೈಗೆ ತಾಗುತ್ತಿತ್ತು. ಉಳಿಯಲ್ಲಿ ಸವರಿ ಎಣ್ಣೆ ಹಚ್ಚಿದೆವು.

ಉಳಿದ ಹಲಸಿನ ಹಲಗೆಗಳಲ್ಲಿ ಮೇಜಿನ ಒಂದು ಬದಿಗೆ ಉದ್ದನೆಯ ಬೆಂಚು ಮಾಡಿಕೊಡಿ ಅಂತ ಈಗ ಕೇಳಿದ್ದಾರೆ. ಕೂರುವ ಹಲಗೆ ಸಿದ್ಧವಾಗಿದೆ. ಹೊನ್ನೆ ತೊಲೆಯಲ್ಲಿ ಮಿಕ್ಕಿರುವುದು ಎರಡು ಕಾಲಿಗೆ ಮಾತ್ರ ಸಾಲುತ್ತದೆ. ಇನ್ನೆರಡಕ್ಕೆ ಹಸಿ ಮರ ಬಳಸುವುದಿಲ್ಲ ಅಂತ ಆಚಾರ್ರು ಹೇಳಿಬಿಟ್ಟಿದ್ದಾರೆ. ಗುಬ್ಬಿ ಕಡೆ ಯಾವುದಾದರೂ ಹಳೇ ಮನೆ ಬಿಚ್ಚುತ್ತಾರಾ ಅಂತ ವಿಚಾರಿಸುತ್ತಿದ್ದೇವೆ.